ಡಯಾಲಿಸಿಸ್ ಕುರ್ಚಿಯಲ್ಲೇ ಪೆಡಲ್ ತುಳಿಸಿದೆ: ನನ್ನ ಅನುಭವ

ಡಯಾಲಿಸಿಸ್ ಪೇಷಂಟ್‌ಗೆ ಹಿಪ್ (ಸೊಂಟದ ಕೀಲಿನ ಮೂಳೆ) ಮುರಿದರೆ ಮುಂದೇನಾಗುತ್ತೆ ಅಂತ ನನ್ನಂಥ ಫಿಸಿಯೋಗಳಿಗೆ ನಾನು ಹೇಳಬೇಕಿಲ್ಲ. ಇವರಲ್ಲಿ ಆ ಮುರಿತ ಬೇರೆಯವರಿಗಿಂತ ಸುಮಾರು 4 ಪಟ್ಟು ಜಾಸ್ತಿ. ರಕ್ತದಲ್ಲಿ ಏರಿ ಮೂಳೆ ಸವೆಸುವ ಫಾಸ್ಫರಸ್, ಪಿಟಿಎಚ್ ಹಾರ್ಮೋನ್ ಎಲ್ಲ ಕಿಡ್ನಿ ಡಾಕ್ಟರ್ (ನೆಫ್ರಾಲಜಿಸ್ಟ್) ನೋಡಿಕೊಳ್ಳುತ್ತಾರೆ. ನಮ್ಮ ಕೈಯಲ್ಲಿರುವುದು ಒಂದೇ, ಅವರು ಬೀಳದ ಹಾಗೆ ಮಾಡುವುದು.

ನಾನು ಹೋಗುವ ಗದಗಿನ ಯೂನಿಟ್‌ಗೆ ರೋಣ, ಮುಂಡರಗಿ, ಶಿರಹಟ್ಟಿ ಕಡೆಯಿಂದ ಬಸ್ಸಿಗೆ ಬರುವವರೇ ಜಾಸ್ತಿ. 4 ತಾಸು ಮಲಗಿ, ಎರಡು ಮೂರು ಲೀಟರ್ ನೀರು ತೆಗೆಸಿಕೊಂಡು, ಬಿಪಿ ಇಳಿದಿರುವಾಗಲೇ ಬಸ್ ಸ್ಟ್ಯಾಂಡಿಗೆ ಓಡುತ್ತಾರೆ. ಬೀಳುವುದು ಅಲ್ಲೇ. ಇಲ್ಲಾಂದ್ರೆ ಅವತ್ತು ರಾತ್ರಿ ಬಚ್ಚಲ ಬಾಗಿಲಲ್ಲಿ.

ಮೊದಲು ಮನೆಯಲ್ಲಿ ಕಾಲಿನ ವ್ಯಾಯಾಮ ಮಾಡಲಿ ಅಂತ ಚಿತ್ರ ಇರುವ ಚೀಟಿ ಕೊಟ್ಟೆ. ಚೀಟಿ ಫೈಲಿನಲ್ಲೇ ಉಳಿಯಿತು. ಡಯಾಲಿಸಿಸ್ ದಿನ ಸುಸ್ತು, ಬಿಡುವಿನ ದಿನ ಹೊಲ. ಹಾಗಾದ್ರೆ ಸುಮ್ನೆ ಮಲಗಿರುವ ಆ 4 ತಾಸನ್ನೇ ಹಿಡಿಯೋಣ, ಕುರ್ಚಿಯಲ್ಲೇ ಪೆಡಲ್ ತುಳಿಸೋಣ ಅಂದುಕೊಂಡೆ. "ಸೂಜಿ ಸರಿದ್ರ ಯಾರ್ರೀ ಜವಾಬ್ದಾರಿ?" ಅಂದರು ಟೆಕ್ನಿಷಿಯನ್. ಫಿಸ್ಟುಲಾ (ಸೂಜಿ ಚುಚ್ಚಲು ಜೋಡಿಸಿದ ರಕ್ತನಾಳ) ಇರುವುದು ಕೈಯಲ್ಲಿ, ತುಳಿಯುವುದು ಕಾಲು! ತೊಡೆಸಂದಿಯಲ್ಲಿ ಕ್ಯಾಥೆಟರ್ ನಳಿಕೆ ಇದ್ದವರನ್ನು ಮಾತ್ರ ಬಿಟ್ಟೆ. ಒಬ್ಬ ಅಜ್ಜ ಬೇರೆ, "ಡಾಕ್ಟರ್ರ, ರೊಕ್ಕ ಕೊಟ್ಟು ಮಲಗಾಕ ಬಂದೀನಿ, ಸೈಕಲ್ ತುಳ್ಯಾಕಲ್ಲ" ಅಂದ.

ದುಡ್ಡಿನ ಕತೆ ಕೇಳಿ. ಆನ್‌ಲೈನ್‌ನಲ್ಲಿ ತರಿಸಿದ ಪ್ಲಾಸ್ಟಿಕ್ ಪೆಡಲ್‌ಗೆ 1,800 ಆಯ್ತು. ಟೈಲ್ಸ್ ಮೇಲೆ ಜಾರುತ್ತಿತ್ತು, ಕೆಲವೇ ವಾರಕ್ಕೆ ಪೆಡಲ್ ಹಿಡಿದಿರುವ ಕ್ರ್ಯಾಂಕ್ ಕಂಬಿ ಮುರಿಯಿತು. ಹುಬ್ಬಳ್ಳಿಯಿಂದ 6,000ದ ಹತ್ತಿರ ಕೊಟ್ಟು ಗಟ್ಟಿಯದೊಂದು ತಂದೆ. ಕುರ್ಚಿ ಸ್ವಲ್ಪ ಹಿಂದಕ್ಕೆ ಬಾಗಿಸಿದರೆ ಪೆಡಲ್‌ಗೆ ಕಾಲೇ ಎಟುಕುತ್ತಿರಲಿಲ್ಲ. ಕೊನೆಗೆ ಬೆಟಗೇರಿಯ ವೆಲ್ಡಿಂಗ್ ಅಂಗಡಿಯಲ್ಲಿ ಹಳೆ ಸೈಕಲ್ಲಿನ ಕ್ರ್ಯಾಂಕ್, ಆ್ಯಂಗಲ್ ಸೇರಿಸಿ ಮಾಡಿಸಿದೆ. ಎರಡೂವರೆ ಸಾವಿರದೊಳಗೆ ಮುಗಿಯಿತು. ಹಿಂದಿನ ಎರಡಕ್ಕಿಂತಲೂ ಚೆನ್ನಾಗಿದೆ ಅಂತ ಎದೆ ತಟ್ಟಿ ಹೇಳ್ತೀನಿ. ಕುರ್ಚಿಯ ಕಾಲಿಗೆ ಅದು ಹೇಗೆ ಕಚ್ಚಿಕೊಳ್ಳುತ್ತೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮೊದಲ 2 ತಾಸಿನೊಳಗೆ ಮಾತ್ರ ತುಳಿಸಬೇಕು. ಆಮೇಲೆ ಬಿಪಿ ಇಳಿಯುತ್ತೆ, ಕಾಲು ಹಿಡಿಯುತ್ತೆ. 5 ನಿಮಿಷದಿಂದ ಶುರು ಮಾಡಿ ನಿಧಾನಕ್ಕೆ 25ರವರೆಗೆ ಒಯ್ದೆ. ತುಳಿಯುತ್ತಾ ಮಾತಾಡಲು ಬರಬೇಕು, ಮಾತು ನಿಂತರೆ ಪೆಡಲೂ ನಿಲ್ಲಬೇಕು. ಮಷಿನ್ ಬಿಚ್ಚಿದ ಮೇಲೆ ಕಾಲು ಇಳಿಬಿಟ್ಟು 10 ನಿಮಿಷ ಕೂರಿಸಿ, ನಿಲ್ಲಿಸಿ ಬಿಪಿ ನೋಡಿಯೇ ಬಿಡುವುದು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟಿರುವ ಮೈ, ತಲೆಗೆ ಪೆಟ್ಟಾದರೆ ರಕ್ತ ನಿಲ್ಲುವುದು ಕಷ್ಟ.

ಕಾಲಿಗೆ ಕಟ್ಟುವ ತೂಕಕ್ಕೂ ಕೈ ಹಾಕಿದ್ದೆ. ಹಳೆ ಜೀನ್ಸ್ ತುಂಡಿನಲ್ಲಿ ಮರಳು ತುಂಬಿದೆ, ಸೋರಿ ಸಿಸ್ಟರ್ ಕೈಲಿ ಬೈಸಿಕೊಂಡೆ. ಜೋಳ ತುಂಬಿದೆ, ನುಸಿ ಹಿಡಿಯಿತು. ಆಮೇಲೆ ಬೈಕ್ ಸೀಟು ಹೊಲಿಯುವವನ ಹತ್ತಿರ ರೆಗ್ಜಿನ್ ಚೀಲ ಹೊಲಿಸಿದೆ.

ಅಲ್ಲೇ ಓಡಾಡುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಡಬ್ಬಿಯಲ್ಲಿ ರೊಟ್ಟಿ, ಮೇಲೆ ಗಟ್ಟಿಯಾಗಿ ಶೇಂಗಾ ಚಟ್ನಿ. ಶೇಂಗಾದಲ್ಲಿ ಫಾಸ್ಫರಸ್ ಜಾಸ್ತಿ ಅಲ್ವಾ? ಊಟದ ಫಾಸ್ಫರಸ್ ಹಿಡಿದಿಡುವ ಬೈಂಡರ್ ಮಾತ್ರೆ ಮಾತ್ರ ಮನೆಯಲ್ಲಿ! ಊಟದ ಜೊತೆ ಹೋಗದಿದ್ದರೆ ಅದು ದಂಡ. ಈಗ ಮಾತ್ರೆ ಡಬ್ಬಿಯಲ್ಲೇ ಬರುತ್ತೆ. ಕೆಲವರು ಮೂಳೆ ಗಟ್ಟಿಯಾಗಲಿ ಅಂತ ಅಂಗಡಿಯಿಂದ ಕ್ಯಾಲ್ಸಿಯಂ ತಂದು ನುಂಗುತ್ತಿದ್ದರು. ಅದು ರಕ್ತನಾಳದಲ್ಲಿ ಹೋಗಿ ಕೂರುತ್ತೆ ಅಂತ ಹೆದರಿಸಿ ಡಾಕ್ಟರ್ ಹತ್ತಿರ ಕಳಿಸಿದೆ.

ಹದಿನೈದರಷ್ಟು ಜನ ಬಿಡದೆ ಮಾಡಿದರು. 5 ಸಲ ಕೂತು ಏಳಲು 20 ಸೆಕೆಂಡ್ ಮೇಲೆ ಹಿಡಿಯುತ್ತಿದ್ದವರು ಈಗ 13-14ಕ್ಕೆ ಬಂದಿದ್ದಾರೆ. ಪೆಡಲ್ ಬರುವ ಮುಂಚಿನ ವರ್ಷ ಇದೇ ಗುಂಪಿನಲ್ಲಿ ಎರಡು ಮುರಿತ ಆಗಿತ್ತು. ಆಮೇಲೆ ಒಂದೂವರೆ ವರ್ಷದಲ್ಲಿ ಒಬ್ಬರು ಬಿದ್ದರು, ಮೂಳೆ ಉಳಿಯಿತು. ಇಷ್ಟು ಕಡಿಮೆ ಜನರಿಂದ ಏನು ಗೊತ್ತಾಗುತ್ತೆ ಅನ್ನುವವರು ಒಮ್ಮೆ ಬಂದು ಆ ಅಜ್ಜ ತುಳಿಯುವುದನ್ನು ನೋಡಲಿ. ವೆಲ್ಡಿಂಗ್ ದುಡ್ಡನ್ನು ಯೂನಿಟ್‌ನವರು ಕೊಟ್ಟರು. ಆ 6,000 ಇನ್ನೂ ಬಂದಿಲ್ಲ.