ಹರಿದ ಕಿವಿಹಾಲೆಯನ್ನು ಕೂಡಿಸುವ ಕೆಲಸ

ಹಾಸನದ ನನ್ನ ಪ್ಲಾಸ್ಟಿಕ್ ಸರ್ಜರಿ ಕ್ಲಿನಿಕ್ಕಿಗೆ ಕಿವಿಯ ತೂತು ಜೋತುಬಿದ್ದಿದೆ ಎಂದು ಬರುವವರಲ್ಲಿ ಹೆಚ್ಚಿನವರು ಐವತ್ತು ದಾಟಿದ ಹೆಂಗಸರು. ಕಿವಿಹಾಲೆಯಲ್ಲಿ ಮೃದ್ವಸ್ಥಿಯಿಲ್ಲ, ಚರ್ಮದ ಎರಡು ಪದರಗಳ ನಡುವೆ ಕೊಬ್ಬು ಮತ್ತು ನಾರಿನಂಶವಷ್ಟೇ ಇರುವುದರಿಂದ, ವಯಸ್ಸಾದಂತೆ ಆ ಕೊಬ್ಬು ಕರಗಿ ಹಾಲೆ ತೆಳುವಾದ ಮೇಲೆ, ಮಾಟಿಯ ಆಸರೆಯಿಲ್ಲದೆ ಜುಮುಕಿಯ ಭಾರ ಹೊತ್ತ ತೂತು ವರ್ಷವರ್ಷವೂ ಕೆಳಗಿಳಿಯುತ್ತದೆ. ಸಕಲೇಶಪುರದ ಕಡೆಯ ತೋಟಗಳಿಂದ ಬರುವವರಲ್ಲಿ ಬೇರೊಂದು ಕಾರಣವನ್ನೂ ಕಂಡಿದ್ದೇನೆ. ಕಾಫಿ ಹಣ್ಣು ಕೊಯ್ಯುವಾಗ ತಲೆಗೆ ಕಟ್ಟಿದ ಬಟ್ಟೆಯ ನೂಲು ಓಲೆಗೆ ಸಿಕ್ಕಿಕೊಂಡಿರುತ್ತದೆ. ಸಂಜೆ ಅದನ್ನು ಬಿಚ್ಚುವ ಅವಸರದಲ್ಲಿ ಹಾಲೆ ಒಮ್ಮೆಲೇ ಹರಿಯುತ್ತದೆ.

ಹಳೆಯ ಸೀಳಿನ ಅಂಚುಗಳನ್ನು ಹಾಗೆಯೇ ಹೊಲಿದರೆ ಅವು ಕೂಡುವುದಿಲ್ಲ, ಏಕೆಂದರೆ ಸೀಳಿನ ಒಳಬದಿಯ ಮೇಲೂ ಅಷ್ಟರಲ್ಲಿ ಚರ್ಮ ಬೆಳೆದಿರುತ್ತದೆ. ಆ ಚರ್ಮವನ್ನು ಪೂರ್ತಿ ತೆಗೆದು, ಹಸಿ ಗಾಯಕ್ಕೆ ಹಸಿ ಗಾಯ ತಾಗುವಂತೆ ಮಾಡುವುದೇ ಮುಖ್ಯ ಕೆಲಸ. ಚುಚ್ಚುಮದ್ದಿಗೆ ಮೊದಲೇ ರೋಗಿಯನ್ನು ನೆಟ್ಟಗೆ ಕೂರಿಸಿ, ಕೈಗೆ ಕನ್ನಡಿ ಕೊಟ್ಟು, ಎರಡೂ ಹಾಲೆಗಳಿಗೆ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಮರಗಟ್ಟಿಸುವ ಮದ್ದಾದ ಲಿಗ್ನೋಕೇನ್ ಒಳಸೇರಿದೊಡನೆ ಹಾಲೆ ಉಬ್ಬಿ ಅಳತೆ ತಪ್ಪುತ್ತದೆ. ಬಳಿಕ 15ನೇ ನಂಬರಿನ ಬ್ಲೇಡಿನಿಂದ ಒಳಚರ್ಮವನ್ನು ಬಿಡಿಸುತ್ತೇನೆ. ಸೀಳು ಕೆಳತುದಿಯವರೆಗೂ ತೆರೆದಿದ್ದರೆ ಅಂಚನ್ನು ಝಡ್ ಅಕ್ಷರದ ಆಕಾರದಲ್ಲಿ ಕತ್ತರಿಸಿ, ಎರಡು ಬದಿಯ ಚರ್ಮದ ತ್ರಿಕೋನಗಳನ್ನು ಅದಲುಬದಲು ಮಾಡಿ ಕೂರಿಸುತ್ತೇನೆ. ನೇರ ಗೆರೆಯ ಹೊಲಿಗೆ ಮಾಗುತ್ತ ಕುಗ್ಗಿದರೆ ತುದಿಯಲ್ಲಿ ಕಚ್ಚು ಬೀಳುತ್ತದೆ, ಅದು ಎದುರಿಗೆ ನಿಂತವರಿಗೆಲ್ಲ ಕಾಣುತ್ತದೆ. ಹಾಲೆಯ ಮುಂದೆಯೂ ಹಿಂದೆಯೂ 6-0 ಅಳತೆಯ ತೀರ ತೆಳುವಾದ ನೈಲಾನ್ ದಾರ ಹಾಕಿ, ವಾರ ಹತ್ತು ದಿನದೊಳಗೆ ಬಿಚ್ಚುತ್ತೇನೆ.

ಹೊಲಿಗೆಯಿಲ್ಲದೆ ಸರಿಮಾಡುತ್ತೇವೆಂದು ಕೆಲವು ಬ್ಯೂಟಿ ಪಾರ್ಲರುಗಳಲ್ಲಿ ಹಚ್ಚುವುದು ಸಾಮಾನ್ಯವಾಗಿ ಚರ್ಮವನ್ನು ಸುಡುವ ಟ್ರೈಕ್ಲೋರೋಅಸೆಟಿಕ್ ಆಸಿಡ್. ತೂತಷ್ಟೇ ಹಿಗ್ಗಿದಾಗ ವೈದ್ಯರ ಕೈಯಲ್ಲಿ ಅದೂ ಒಂದು ವಿಧಾನವೇ. ಹದ ತಿಳಿಯದವರು ಹಚ್ಚಿ, ಹೊಲಿಯಲು ಬೇಕಾದ ಮಾಂಸವೇ ಉಳಿಯದಂತೆ ಸುಟ್ಟ ಕಿವಿಗಳನ್ನೂ ನಾನು ನೋಡಿದ್ದೇನೆ. ಹರಿಯದೆ ಬರೀ ಬಾಡಿ ಸುಕ್ಕುಗಟ್ಟಿದ ಹಾಲೆಗೆ ಹೈಅಲುರೋನಿಕ್ ಆಸಿಡ್ ಫಿಲ್ಲರ್ ಎಂಬ, ಸೂಜಿಯಿಂದ ತುಂಬುವ ಜೆಲ್ಲನ್ನು ತುಸು ತುಂಬಿದರೆ ಓಲೆ ನೆಟ್ಟಗೆ ನಿಲ್ಲುತ್ತದೆ. ಆದರೆ ದೇಹ ಅದನ್ನು ನಿಧಾನವಾಗಿ ಕರಗಿಸಿಕೊಳ್ಳುವುದರಿಂದ ಖರ್ಚು ಮತ್ತೆ ಮತ್ತೆ ಬರುತ್ತದೆ. ನಾನಾಗಿ ಅದನ್ನು ಸೂಚಿಸುವುದು ಕಡಿಮೆ.

ಹಳೆಯ ಗಾಯಗಳು ಗಂಟಿನಂತೆ ದಪ್ಪಗೆ ಬೆಳೆದಿವೆಯೇ ಎಂದು ಹೆಗಲು, ಎದೆ ನೋಡದೆ ನಾನು ಬ್ಲೇಡು ಹಿಡಿಯುವುದಿಲ್ಲ. ಹಾಗೆ ಗಂಟುಗಟ್ಟುವ ಕಲೆ, ಅಂದರೆ ಕೀಲಾಯ್ಡ್, ಆಗುವ ಮೈಯಾದರೆ ಕಿವಿಯಲ್ಲೂ ಅದು ಸುಲಭವಾಗಿ ಏಳುತ್ತದೆ.

ಚೌಕಾಶಿಯೆಲ್ಲ ನಡೆಯುವುದು ಮರಳಿ ಕಿವಿ ಚುಚ್ಚಿಸುವ ವಿಷಯದಲ್ಲಿ. ಕಲೆಯ ಜಾಗ ಮೊದಲಿನಷ್ಟು ಗಟ್ಟಿಯಾಗುವುದೇ ಇಲ್ಲವಾದ್ದರಿಂದ, ಮೂರು ತಿಂಗಳು ಕಾದು, ಕಲೆಯನ್ನು ಬಿಟ್ಟು ಪಕ್ಕದಲ್ಲಿ, ತುಸು ಮೇಲಕ್ಕೆ ಚುಚ್ಚುತ್ತೇನೆ. “ಡಾಕ್ಟ್ರೇ, ಮುಂದಿನ ತಿಂಗಳೇ ಮೊಮ್ಮಗಳ ಮದುವೆ, ಬೆಂಡೋಲೆ ಹಾಕ್ಕೋಬೇಕು” ಎನ್ನುವ ಅಜ್ಜಿಯರಿಗೆ, ಹಾಗಿದ್ದರೆ ಮದುವೆ ಮುಗಿಸಿಕೊಂಡೇ ಬನ್ನಿ ಎಂದು ಹೇಳಿ ಕಳುಹಿಸುತ್ತೇನೆ.