ಡಾಕ್ಯುಮೆಂಟರಿ ನೋಡಿ ತೀರ್ಪಿನ ಮೇಲೆ ಅನುಮಾನ ಬಂತಾ? ಹೀಗೆ ಹುಡುಕಿ, ಹೀಗೆ ಓದಿ

ಸೀಸೆಯ ರಬ್ಬರ್ ಮುಚ್ಚಳದಲ್ಲಿ ಸೂಜಿ ಚುಚ್ಚಿದ ತೂತು ಕಂಡಾಗ ನಾನು ಎದ್ದು ಕೂತಿದ್ದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ, ಜುಲೈ ತಿಂಗಳ ಮಳೆ, ಕರೆಂಟ್ ಹೋಗುತ್ತಿತ್ತು, ಬರುತ್ತಿತ್ತು. ನಾನು ಮತ್ತು ಚಿಕ್ಕಪ್ಪನ ಮಗ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇರುವಷ್ಟು ಹೊತ್ತು 'ಮೇಕಿಂಗ್ ಎ ಮರ್ಡರರ್' ಅನ್ನುವ ಡಾಕ್ಯುಮೆಂಟರಿ ನೋಡುತ್ತಿದ್ದೆವು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸ್ಟೀವನ್ ಏವರಿ ತಾನು ಮಾಡದ ಅಪರಾಧಕ್ಕೆ 18 ವರ್ಷ ಜೈಲಿನಲ್ಲಿದ್ದು, ಡಿಎನ್‌ಎ ಪರೀಕ್ಷೆಯಿಂದ 2003ರಲ್ಲಿ ಹೊರಗೆ ಬಂದವನು. ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ) ಮೇಲೆ 3.6 ಕೋಟಿ ಡಾಲರ್ ಪರಿಹಾರಕ್ಕೆ ದಾವೆ ಹಾಕಿದ್ದ. ಅದು ನಡೆಯುತ್ತಿರುವಾಗಲೇ, 2005ರಲ್ಲಿ, ಒಬ್ಬ ಯುವ ಫೋಟೋಗ್ರಾಫರ್ ಹುಡುಗಿಯ ಕೊಲೆ ಕೇಸಿನಲ್ಲಿ ಮತ್ತೆ ಬಂಧನ. 2007ರಲ್ಲಿ ಶಿಕ್ಷೆ. ಅವನ ಹಳೆಯ ರಕ್ತದ ಸ್ಯಾಂಪಲ್ ಇಟ್ಟಿದ್ದ ಸೀಸೆಯಲ್ಲಿ ಆ ತೂತು. ಪೊಲೀಸರೇ ಅದರಿಂದ ರಕ್ತ ತೆಗೆದು ಸತ್ತ ಹುಡುಗಿಯ ಕಾರಿಗೆ ಹಚ್ಚಿದ್ದಾರೆ ಅಂತ ನಾವಿಬ್ಬರೂ ಅಲ್ಲೇ ತೀರ್ಮಾನ ಮಾಡಿಬಿಟ್ಟೆವು.

ಮರುದಿನ ತಂಗಿಗೆ ಫೋನ್ ಮಾಡಿ ಹೇಳಿದೆ. ಅವಳು ಲ್ಯಾಬ್ ಟೆಕ್ನಿಷಿಯನ್. 'ಅಣ್ಣ, ಆ ಟ್ಯೂಬಿಗೆ ರಕ್ತ ತುಂಬುವುದೇ ಮುಚ್ಚಳಕ್ಕೆ ಸೂಜಿ ಚುಚ್ಚಿ. ತೂತು ಇರಲೇಬೇಕು' ಅಂದಳು.

ಅಲ್ಲಿಗೆ ಏವರಿ ಅಪರಾಧಿ ಅಂತ ಸಾಬೀತಾಗಲಿಲ್ಲ. ನನ್ನ ಅನುಮಾನವೂ ಪೂರ್ತಿ ಹೋಗಲಿಲ್ಲ. ಆದರೆ ನನ್ನನ್ನು ಎಬ್ಬಿಸಿ ಕೂರಿಸಿದ ದೃಶ್ಯ ಒಂದು ಮಾಮೂಲಿ ಸಂಗತಿ ಅಂತ ಗೊತ್ತಾಯಿತು. ಆಮೇಲೆ ಹುಡುಕಿದರೆ, ಕಾರಿನ ಬಾನೆಟ್ ತೆರೆಯುವ ಕೊಕ್ಕೆಯ ಮೇಲೆ ಅವನ ಡಿಎನ್‌ಎ ಸಿಕ್ಕಿತ್ತು, ಅದನ್ನು ಆ ಹತ್ತು ಕಂತುಗಳಲ್ಲಿ ತೋರಿಸಿಯೇ ಇರಲಿಲ್ಲ. ಇನ್ನೊಂದು ಕಡೆ, ಅವನ 16 ವರ್ಷದ ಸೋದರಳಿಯನನ್ನು ಪೊಲೀಸರು ವಕೀಲರಾಗಲಿ ತಾಯಿಯಾಗಲಿ ಜೊತೆಗಿಲ್ಲದೆ ಕೂರಿಸಿಕೊಂಡು ತಪ್ಪೊಪ್ಪಿಗೆ ಪಡೆದದ್ದು ನಿಜವೇ. ಅದು ಎಷ್ಟು ಗಟ್ಟಿ ಪ್ರಶ್ನೆ ಅಂದರೆ, 2016ರಲ್ಲಿ ಒಬ್ಬ ಫೆಡರಲ್ ನ್ಯಾಯಾಧೀಶರು ಆ ಹುಡುಗನ ಶಿಕ್ಷೆಯನ್ನೇ ರದ್ದು ಮಾಡಿದರು. 2017ರ ಡಿಸೆಂಬರಿನಲ್ಲಿ ಮೇಲಿನ ಕೋರ್ಟಿನ ಏಳು ಜನರಲ್ಲಿ ನಾಲ್ವರು ಶಿಕ್ಷೆ ಸರಿ ಅಂದರು, ಮೂವರು ಇಲ್ಲ ಅಂದರು. ಒಂದೇ ಕಥೆಯಲ್ಲಿ ಒಂದು ಅನುಮಾನ ಜೊಳ್ಳು, ಇನ್ನೊಂದು ಕಾಳು. ಇದನ್ನು ಕೇರುವುದು ಹೇಗೆ ಅಂತ ನನಗೆ ಗೊತ್ತಾದಷ್ಟು ಹೇಳುತ್ತೇನೆ. ನಾನು ವಕೀಲನಲ್ಲ. ಆದರೆ ನಾಲ್ಕು ವರ್ಷದಿಂದ ತೀರ್ಪುಗಳನ್ನು ಕೂತು ಓದುತ್ತಿದ್ದೇನೆ.

ಮೊದಲು ಒಂದು ಹಾಳೆ ತಗೊಳ್ಳಿ. ನೋಡಿ ಮುಗಿಸಿದ ರಾತ್ರಿಯೇ, ಬೇರೆಯವರ ಜೊತೆ ಮಾತಾಡುವ ಮೊದಲೇ, ನಿಮಗೆ ಯಾಕೆ ಅನುಮಾನ ಬಂತು ಅಂತ ಬರೆಯಿರಿ. 'ಅವನ ಮುಖ ನೋಡಿದರೆ ಕೊಲೆಗಾರನ ಹಾಗೆ ಕಾಣುವುದಿಲ್ಲ' ಅಂತ ಇದ್ದರೆ ಅದನ್ನೂ ಬರೆದು ಹೊಡೆದುಹಾಕಿ. ಸಂಗೀತ, ಅಳುವ ತಾಯಿ, ಖಾಲಿ ಮನೆಯ ಚಿತ್ರ, ಇವೆಲ್ಲ ನಮ್ಮ ಮೇಲೆ ಜಾಸ್ತಿ ಕೆಲಸ ಮಾಡುತ್ತವೆ. ಅದು ತಪ್ಪಲ್ಲ, ಆದರೆ ಅದು ಸಾಕ್ಷ್ಯವೂ ಅಲ್ಲ. ಉಳಿದ ಅನುಮಾನಗಳನ್ನು ಉತ್ತರ ಸಿಗುವಂಥ ಪ್ರಶ್ನೆ ಮಾಡಿಕೊಳ್ಳಿ. 'ಪೊಲೀಸರು ಮೋಸ ಮಾಡಿದ್ದಾರೆ' ಅನ್ನುವುದಕ್ಕೆ ಉತ್ತರ ಹುಡುಕಲು ಆಗುವುದಿಲ್ಲ. 'ಕತ್ತಿ ಸಿಕ್ಕ ದಿನ ಯಾವುದು, ಲ್ಯಾಬಿಗೆ ಹೋದ ದಿನ ಯಾವುದು, ನಡುವೆ ಅದು ಯಾರ ಹತ್ತಿರ ಇತ್ತು' ಅಂದರೆ ಉತ್ತರ ಕಡತದಲ್ಲೇ ಇರುತ್ತದೆ.

ಈಗ ತೀರ್ಪು ಹುಡುಕಬೇಕು. ಇದೇ ದೊಡ್ಡ ಕೆಲಸ, ಆದರೆ ಜನ ಅಂದುಕೊಂಡಷ್ಟು ಕಷ್ಟ ಅಲ್ಲ. ನಮ್ಮ ದೇಶದ ಕೇಸಾದರೆ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಅಥವಾ ಅದರ ಆ್ಯಪಿನಲ್ಲಿ ಜಿಲ್ಲೆ, ಆರೋಪಿಯ ಹೆಸರು, ವರ್ಷ ಹಾಕಿ ಹುಡುಕಿ. ಪ್ರತಿ ಕೇಸಿಗೂ 16 ಅಂಕಿ-ಅಕ್ಷರಗಳ ಒಂದು ಸಿಎನ್‌ಆರ್ ನಂಬರ್ ಇರುತ್ತದೆ, ಅದು ಸಿಕ್ಕರೆ ಬರೆದಿಟ್ಟುಕೊಳ್ಳಿ. ಹೈಕೋರ್ಟ್ ತೀರ್ಪುಗಳು ಕರ್ನಾಟಕ ಹೈಕೋರ್ಟಿನ ವೆಬ್‌ಸೈಟಿನಲ್ಲಿ ಸಿಗುತ್ತವೆ. ಶಿವಮೊಗ್ಗದ ಮೇಲ್ಮನವಿಗಳು ಧಾರವಾಡಕ್ಕಲ್ಲ, ಬೆಂಗಳೂರಿಗೇ ಹೋಗುತ್ತವೆ, ಅಲ್ಲೇ ಹುಡುಕಿ. ಸುಪ್ರೀಂ ಕೋರ್ಟಿನವು 2023ರಿಂದ ಇ-ಎಸ್‌ಸಿಆರ್ ಅನ್ನುವ ಅದರ ಆನ್‌ಲೈನ್ ತೀರ್ಪು ಸಂಗ್ರಹದಲ್ಲಿ ಪುಕ್ಕಟೆ ಇವೆ. 'ಇಂಡಿಯನ್ ಕಾನೂನ್' ವೆಬ್‌ಸೈಟಿನಲ್ಲಿಯೂ ಸುಮಾರು ಎಲ್ಲ ಸಿಗುತ್ತವೆ.

ಆರ್‌ಟಿಐ ಹಾಕಿದರೆ ಪೂರ್ತಿ ಫೈಲ್ ಸಿಗುತ್ತದೆ ಅಂತ ಕೆಲವರು ಹೇಳುತ್ತಾರೆ. ಕೋರ್ಟಿನ ಕಡತದ ನಕಲು ಬೇಕಿದ್ದರೆ ಕೋರ್ಟಿನ ನಿಯಮದ ಪ್ರಕಾರವೇ ಅರ್ಜಿ ಹಾಕಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಜಿಲ್ಲಾ ಕೋರ್ಟಿನ ನಕಲು ವಿಭಾಗಕ್ಕೆ ಹೋಗಿ, ಯಾಕೆ ಬೇಕು ಅಂತ ಕಾರಣ ಬರೆದು ಅರ್ಜಿ ಕೊಡಿ. ನೀವು ಕೇಸಿಗೆ ಸಂಬಂಧಪಟ್ಟವರಲ್ಲದಿದ್ದರೆ ಕೋರ್ಟ್ ಕೊಡಬಹುದು, ಕೊಡದಿರಬಹುದು.

ಕೈಗೆ ಬಂದ ಮೇಲೆ ಮೊದಲ ಪುಟದಿಂದ ಓದಬೇಡಿ. ಸೆಷನ್ಸ್ ಕೋರ್ಟಿನ ತೀರ್ಪಿನ ಕೊನೆಗೆ ಹೋಗಿ. ಅಲ್ಲಿ ಸಾಕ್ಷಿಗಳ ಪಟ್ಟಿ, ದಾಖಲೆಗಳ ಪಟ್ಟಿ, ವಸ್ತುಗಳ ಪಟ್ಟಿ ಇರುತ್ತವೆ. ಡಾಕ್ಯುಮೆಂಟರಿಯಲ್ಲಿ ಎಷ್ಟು ಸಾಕ್ಷಿಗಳು ಬಂದರು, ಇಲ್ಲಿ ಎಷ್ಟಿದ್ದಾರೆ, ಎಣಿಸಿ. ಪರದೆಯಲ್ಲಿ ಬಾರದವರ ಹೇಳಿಕೆಯನ್ನೇ ಮೊದಲು ಓದಿ. 2024ರ ಜುಲೈ 1ಕ್ಕಿಂತ ಹಿಂದಿನ ಕೊಲೆಯಾದರೆ ಹಳೆಯ ಐಪಿಸಿಯ ಸೆಕ್ಷನ್ 302 ಅಂತ ಇರುತ್ತದೆ, ಅದರ ನಂತರದ್ದಾದರೆ ಹೊಸ ನ್ಯಾಯ ಸಂಹಿತೆಯ 103. ನಂಬರ್ ಬದಲಾದದ್ದಕ್ಕೆ ಗೊಂದಲ ಬೇಡ.

ಮಹಜರಿನ (ಪೊಲೀಸರು ಸ್ಥಳದಲ್ಲಿ ಕಂಡದ್ದು, ತೆಗೆದದ್ದು ಬರೆಯುವ ದಾಖಲೆ) ವಿಷಯಕ್ಕೆ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇದು ನಮ್ಮ ಮನೆಯಲ್ಲೇ ಆದದ್ದು. ನಮ್ಮ ದೊಡ್ಡಪ್ಪ ಒಂದು ಕೊಲೆ ಕೇಸಿನಲ್ಲಿ ಪಂಚರಾಗಿದ್ದರು, ಅಂದರೆ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕುವವರು. ಆರೋಪಿ ತೋರಿಸಿದ ಜಾಗದಿಂದ ಕತ್ತಿ ತೆಗೆದೆವು ಅಂತ ಬರೆದ ಮಹಜರಿಗೆ ಅವರ ಸಹಿ ಇತ್ತು. ಮೂರು ವರ್ಷದ ಮೇಲೆ ಕೋರ್ಟಿಗೆ ಕರೆದರು. ಪಾಟೀಸವಾಲಿನಲ್ಲಿ ಒಂದೇ ಪ್ರಶ್ನೆ: ಕತ್ತಿ ತೆಗೆಯುವಾಗ ನೀವು ಎಲ್ಲಿದ್ದಿರಿ? ದೊಡ್ಡಪ್ಪ ಸುಳ್ಳು ಹೇಳುವವರಲ್ಲ. 'ರಸ್ತೆಯಲ್ಲಿ, ಜೀಪಿನ ಹತ್ತಿರ' ಅಂದರು. ತೋಟದ ಒಳಗೆ ಏನಾಯಿತು ಅಂತ ಅವರು ನೋಡಿರಲೇ ಇಲ್ಲ, ಬರೆದು ತಂದದ್ದಕ್ಕೆ ಸಹಿ ಹಾಕಿದ್ದರು. ಆ ನೋವು ಅವರಿಗೆ ಇವತ್ತಿಗೂ ಇದೆ.

ಹಾಗಾಗಿ ತೀರ್ಪಿನಲ್ಲಿ 'ಆಯುಧ ವಶಪಡಿಸಿಕೊಳ್ಳಲಾಯಿತು' ಅಂತ ಓದಿದಾಗ ನಿಲ್ಲಿ. ಪಂಚರು ಕೋರ್ಟಿನಲ್ಲಿ ಏನು ಹೇಳಿದರು ನೋಡಿ. ಸಿಕ್ಕ ಜಾಗ ಎಲ್ಲರೂ ಓಡಾಡುವ ಜಾಗವೋ, ಆರೋಪಿಗೆ ಮಾತ್ರ ಗೊತ್ತಿರುವಂಥದ್ದೋ ನೋಡಿ. ಮಲೆನಾಡಿನಲ್ಲಿ ಕತ್ತಿ ಇಲ್ಲದ ಮನೆ ಯಾವುದು? ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡೇ ನಾವು ತೋಟಕ್ಕೆ ಇಳಿಯುವುದು. ಕತ್ತಿ ಸಿಕ್ಕಿತು ಅನ್ನುವುದು ಇಲ್ಲಿ ಏನೂ ಅಲ್ಲ. ಅದರ ಮೇಲೆ ಮನುಷ್ಯರ ರಕ್ತ ಇತ್ತಾ, ಯಾರದ್ದು ಅಂತ ಡಿಎನ್‌ಎ ಹೇಳಿತಾ, ಗಾಯಕ್ಕೂ ಅದಕ್ಕೂ ಹೊಂದುತ್ತದೆ ಅಂತ ವೈದ್ಯರು ಹೇಳಿದರಾ, ಇದು ಮುಖ್ಯ. ಬರೀ ರಕ್ತದ ಗುಂಪು ಹೊಂದಿದರೆ ಸಾಲದು, ಒಂದೇ ಗುಂಪಿನವರು ಊರಿಗೆ ನೂರು ಜನ ಇರುತ್ತಾರೆ.

ತಪ್ಪೊಪ್ಪಿಗೆಯ ವಿಡಿಯೋ ನೋಡಿ ಜನ ಬೇಗ ಸೋಲುತ್ತಾರೆ. ನಮ್ಮ ದೇಶದಲ್ಲಿ ಪೊಲೀಸರ ಮುಂದೆ 'ನಾನೇ ಮಾಡಿದೆ' ಅಂದದ್ದು ಸಾಕ್ಷ್ಯವಾಗುವುದಿಲ್ಲ. ಆ ಮಾತಿನಿಂದ ಹೊಸದಾಗಿ ಏನಾದರೂ ವಸ್ತು ಸಿಕ್ಕರೆ ಅಷ್ಟು ಭಾಗಕ್ಕೆ ಮಾತ್ರ ಬೆಲೆ. ಮ್ಯಾಜಿಸ್ಟ್ರೇಟರ ಮುಂದೆ ಹೇಳಿದರೆ ಅದು ಬೇರೆ ಮಾತು. ಮಂಪರು ಪರೀಕ್ಷೆಯ ವಿಡಿಯೋಗಳೂ ಹಾಗೇ. ಒಪ್ಪಿಗೆ ಇಲ್ಲದೆ ಆ ಪರೀಕ್ಷೆ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ನಮ್ಮ ಕರ್ನಾಟಕದಿಂದಲೇ ಹೋದ 'ಸೆಲ್ವಿ' ಕೇಸಿನಲ್ಲಿ. ಆದರೆ ವಿಸ್ಕಾನ್ಸಿನ್ನಿನ ಕೇಸಿಗೆ ನಮ್ಮ ನಿಯಮ ಹಚ್ಚಬೇಡಿ, ಅಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆ ಜ್ಯೂರಿಯ ಮುಂದೆ ಬರುತ್ತದೆ.

ಮೊಬೈಲ್ ಟವರ್ ಲೊಕೇಶನ್ ಬಗ್ಗೆ ಮಲೆನಾಡಿನವರಿಗೆ ನಾನು ಪಾಠ ಹೇಳಬೇಕಾಗಿಲ್ಲ. ಗುಡ್ಡದ ಈ ಮಗ್ಗುಲಿನಲ್ಲಿ ನಿಂತರೆ ಒಂದು ಟವರ್, ಹತ್ತು ಹೆಜ್ಜೆ ಆಚೆ ನಿಂತರೆ ಕಣಿವೆ ದಾಟಿ ಎಲ್ಲಿಯದೋ ಟವರ್. ಒಂದೇ ಟವರ್ ಎಷ್ಟೋ ಊರುಗಳಿಗೆ. 'ಫೋನ್ ಆ ಟವರಿನ ವ್ಯಾಪ್ತಿಯಲ್ಲಿತ್ತು' ಅಂದರೆ 'ಆತ ಆ ಮನೆಯಲ್ಲಿದ್ದ' ಅಂತಲ್ಲ. ಅಮೆರಿಕದ ಬಾಲ್ಟಿಮೋರಿನ ಅದ್ನಾನ್ ಸಯ್ಯದ್ ಮೇಲಿನ ಕೊಲೆ ಕೇಸಿನಲ್ಲಿ ಇದೇ ದೊಡ್ಡ ವಾದವಾಯಿತು. ಒಳಬಂದ ಕರೆಗಳಿಂದ ಜಾಗ ಹೇಳಲು ಆಗುವುದಿಲ್ಲ ಅಂತ ಫೋನ್ ಕಂಪನಿಯೇ ಫ್ಯಾಕ್ಸಿನ ಮುಖಪುಟದಲ್ಲಿ ಬರೆದಿತ್ತು. ಆ ಕೇಸ್ ಎಲ್ಲಿಗೆ ಮುಟ್ಟಿತು ನೋಡಿ: 2000ದಲ್ಲಿ ಶಿಕ್ಷೆ, 2022ರಲ್ಲಿ ಶಿಕ್ಷೆ ರದ್ದು, 2023ರಲ್ಲಿ ಮತ್ತೆ ಜಾರಿ, 2025ರಲ್ಲಿ ಅಪರಾಧಿ ಅನ್ನುವುದು ಹಾಗೇ ಉಳಿದು, ಜೈಲಿನಲ್ಲಿ ಕಳೆದಷ್ಟೇ ಶಿಕ್ಷೆ ಸಾಕು ಅಂತ ಆಯಿತು. ಕಾರ್ಯಕ್ರಮ ನೋಡಿ ಮುಗಿಸಿದ ದಿನವೇ ಕೇಸ್ ಮುಗಿದಿರುವುದಿಲ್ಲ, ಇವತ್ತಿನ ಸ್ಥಿತಿ ಏನು ಅಂತ ಹುಡುಕಲೇಬೇಕು.

ಸತ್ತ ಸಮಯದ ಬಗ್ಗೆಯೂ ಹುಷಾರು. 'ರಾತ್ರಿ 9ಕ್ಕೆ ಸತ್ತದ್ದು' ಅಂತ ಯಾರಾದರೂ ಖಡಾಖಂಡಿತ ಹೇಳಿದರೆ ನಂಬಬೇಡಿ. ಮೈ ಸೆಟೆಯುವುದು, ಕೊಳೆಯುವುದು ಎಲ್ಲ ಚಳಿಗೆ ನಿಧಾನ, ಸೆಖೆಗೆ ಬೇಗ. ಗಾಳಿಯಲ್ಲಿ ಒಂದು ವಾರದಲ್ಲಿ ಆಗುವುದು ನೀರಿನಲ್ಲಿ ಸುಮಾರು ಎರಡು ವಾರ, ಮಣ್ಣಿನಲ್ಲಿ ಸುಮಾರು ಎಂಟು ವಾರ ತೆಗೆದುಕೊಳ್ಳುತ್ತದೆ ಅಂತ ಒಂದು ಹಳೆಯ ಲೆಕ್ಕವಿದೆ, ಅದೂ ಅಂದಾಜೇ. ಆಗುಂಬೆ ಮಳೆಯಲ್ಲಿ ಹಳ್ಳದಲ್ಲಿ ಸಿಕ್ಕ ದೇಹಕ್ಕೂ ಏಪ್ರಿಲ್ ಬಿಸಿಲಲ್ಲಿ ಬಯಲಿನಲ್ಲಿ ಸಿಕ್ಕ ದೇಹಕ್ಕೂ ಒಂದೇ ಗಡಿಯಾರ ನಡೆಯುವುದಿಲ್ಲ.

ಕಣ್ಣಾರೆ ಕಂಡ ಸಾಕ್ಷಿ ಇಲ್ಲದ ಕೇಸಾದರೆ ಸಾಂದರ್ಭಿಕ ಸಾಕ್ಷ್ಯದ ಸರಪಳಿ ನೋಡಬೇಕು. 1984ರ ಶರದ್ ಬಿರ್ಧಿಚಂದ್ ಸಾರ್ದಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಐದು ಸೂತ್ರ ಕೊಟ್ಟಿದೆ. ಅದರ ತಿರುಳು ಇಷ್ಟು: ಪ್ರತಿ ಕೊಂಡಿಯೂ ಬಿಡಿಬಿಡಿಯಾಗಿ ಸಾಬೀತಾಗಿರಬೇಕು, ಎಲ್ಲ ಸೇರಿಸಿದಾಗ ಆರೋಪಿ ಬಿಟ್ಟು ಬೇರೆ ಯಾರೂ ಮಾಡಿರಲು ಸಾಧ್ಯವಿಲ್ಲ ಅಂತ ಆಗಬೇಕು. 'ಮಾಡಿರಬಹುದು' ಬೇರೆ, 'ಮಾಡಿರಲೇಬೇಕು' ಬೇರೆ. ನಿಮ್ಮ ಹಾಳೆಯಲ್ಲಿ ಒಂದೊಂದೇ ಕೊಂಡಿ ಬರೆದು, ಡಾಕ್ಯುಮೆಂಟರಿ ಮುರಿದದ್ದು ಯಾವುದನ್ನು ಅಂತ ಗುರುತು ಹಾಕಿ. ಮುರಿದ ಕೊಂಡಿ ತೆಗೆದರೂ ಸರಪಳಿ ನಿಲ್ಲುತ್ತದಾ? ನಿಂತರೆ ನಿಮ್ಮ ಅನುಮಾನ ಸಣ್ಣದು. ಬಿದ್ದರೆ ಅದು ದೊಡ್ಡದು, ಅದನ್ನು ಮೇಲಿನ ಕೋರ್ಟ್ ಹೇಗೆ ಉತ್ತರಿಸಿದೆ ಅಂತ ಓದಿ. ತುಂಬ ಸಲ ಡಾಕ್ಯುಮೆಂಟರಿ ಹೊಸದು ಅಂತ ತೋರಿಸಿದ್ದನ್ನು ಹೈಕೋರ್ಟ್ ಹತ್ತು ವರ್ಷದ ಹಿಂದೆಯೇ ನಾಲ್ಕು ಪುಟ ಚರ್ಚೆ ಮಾಡಿರುತ್ತದೆ.

ಹಾಗಂತ ಕೋರ್ಟ್ ಹೇಳಿದ್ದೇ ಕೊನೆ ಅಂತಲೂ ಅಲ್ಲ. ಆರುಷಿ ಅನ್ನುವ ಹುಡುಗಿಯ ಕೊಲೆ ಕೇಸಿನಲ್ಲಿ 2013ರಲ್ಲಿ ಅಪ್ಪ ಅಮ್ಮನಿಗೆ ಜೀವಾವಧಿ ಆಯಿತು, 2017ರಲ್ಲಿ ಅಲಹಾಬಾದ್ ಹೈಕೋರ್ಟ್ ಬಿಡುಗಡೆ ಮಾಡಿತು. ಮಹಾರಾಷ್ಟ್ರದ ಅಲೆಮಾರಿ ಸಮುದಾಯದ ಆರು ಜನರಿಗೂ ಗಲ್ಲೇ ಆಗಬೇಕು ಅಂತ 2009ರಲ್ಲಿ ಹೇಳಿದ ಸುಪ್ರೀಂ ಕೋರ್ಟೇ 2019ರಲ್ಲಿ ಅವರು ತಪ್ಪು ಮಾಡಿಲ್ಲ ಅಂತ ಬಿಟ್ಟಿತು, ತಲಾ 5 ಲಕ್ಷ ಪರಿಹಾರ ಕೊಡಿಸಿತು. ನಮ್ಮದೇ ರಾಜ್ಯದ ಕೊಡಗಿನಲ್ಲಿ ಹೆಂಡತಿಯನ್ನು ಕೊಂದ ಆರೋಪ ಹೊತ್ತು ಜೈಲಿನಲ್ಲಿದ್ದವನ ಹೆಂಡತಿ 2025ರಲ್ಲಿ ಮಡಿಕೇರಿಯಲ್ಲಿ ಜೀವಂತ ಸಿಕ್ಕಳು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಇಷ್ಟು ಓದಿದ ಮೇಲೂ ಅನುಮಾನ ಗಟ್ಟಿಯಾಗಿಯೇ ಇದ್ದರೆ ಏನು ಮಾಡಬಹುದು? ಏವರಿಯನ್ನು ಬಿಡಿ ಅಂತ 1 ಲಕ್ಷಕ್ಕಿಂತ ಜಾಸ್ತಿ ಜನ ಶ್ವೇತಭವನಕ್ಕೆ ಅರ್ಜಿ ಹಾಕಿದರು. ರಾಜ್ಯದ ಕೋರ್ಟ್ ಕೊಟ್ಟ ಶಿಕ್ಷೆಗೆ ಅಧ್ಯಕ್ಷರು ಕ್ಷಮೆ ಕೊಡಲು ಬರುವುದಿಲ್ಲ ಅಂತ 2016ರ ಜನವರಿಯಲ್ಲಿ ಉತ್ತರ ಬಂತು. ಯಾರನ್ನು ಕೇಳಬೇಕು ಅಂತ ತಿಳಿಯದೆ ಕೇಳಿದರೆ ಆಗುವುದು ಇಷ್ಟೇ. ಮುಗಿದ ಕೇಸಿನ ತೀರ್ಪನ್ನು ನ್ಯಾಯವಾಗಿ ಟೀಕೆ ಮಾಡಿದರೆ ಅದು ನ್ಯಾಯಾಂಗ ನಿಂದನೆ ಅಲ್ಲ, 1971ರ ಕಾಯ್ದೆಯೇ ಹಾಗೆ ಹೇಳುತ್ತದೆ. ಆದರೆ 'ನಿಜವಾದ ಕೊಲೆಗಾರ ಇವನು' ಅಂತ ಇನ್ನೊಬ್ಬರ ಫೋಟೋ ಹಾಕಬೇಡಿ, ದಯವಿಟ್ಟು. ಸತ್ತವರ ಮನೆಗೆ ಫೋನ್ ಮಾಡಬೇಡಿ. ಅವರು ಒಮ್ಮೆ ಕೋರ್ಟಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದಾರೆ.

ಕೇಸ್ ನಮ್ಮ ಕಡೆಯದೇ ಆಗಿ, ಶಿವಮೊಗ್ಗದ ಸೋಗಾನೆ ಜೈಲಿನಲ್ಲಿರುವ ಯಾರದ್ದೋ ಮನೆಯವರು ನಿಮಗೆ ಗೊತ್ತಿದ್ದರೆ, ಮಾಡುವ ಕೆಲಸ ನಿಜವಾಗಿಯೂ ಇದೆ. ಹೈಕೋರ್ಟಿಗೆ ಮೇಲ್ಮನವಿ ಹಾಕಲು ಸಾಮಾನ್ಯವಾಗಿ 60 ದಿನ, ಗಲ್ಲು ಶಿಕ್ಷೆಯಾದರೆ 30. ತಡವಾಗಿದ್ದರೆ ಕಾರಣ ಕೊಟ್ಟು ಮನ್ನಿಸಿ ಅಂತ ಕೇಳಬಹುದು. ಹೊಸ ಸಾಕ್ಷ್ಯ ಸಿಕ್ಕಿದ್ದರೆ ಮೇಲ್ಮನವಿಯ ಹಂತದಲ್ಲೂ ಅದನ್ನು ತೆಗೆದುಕೊಳ್ಳುವ ಅಧಿಕಾರ ಕೋರ್ಟಿಗಿದೆ. ದುಡ್ಡಿಲ್ಲ ಅಂತ ಕೂರಬೇಡಿ, ಜೈಲಿನಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಫೋನ್ ಮಾಡಿ. ಹೋಗುವಾಗ ಡಾಕ್ಯುಮೆಂಟರಿಯ ಕಥೆ ಹೇಳಬೇಡಿ. ಸಿಎನ್‌ಆರ್ ನಂಬರ್, ತೀರ್ಪಿನ ನಕಲು, ಮುರಿದಿದೆ ಅಂತ ನಿಮಗೆ ಅನ್ನಿಸಿದ ಕೊಂಡಿ ಯಾವ ಪುಟದಲ್ಲಿದೆ ಅಂತ ಗುರುತು ಹಾಕಿದ ಆ ಒಂದು ಹಾಳೆ, ಇಷ್ಟನ್ನು ಕವರಿನಲ್ಲಿ ಹಾಕಿಕೊಂಡು ಹೋಗಿ. ಮಳೆಗಾಲವಾದರೆ ಪ್ಲಾಸ್ಟಿಕ್ ಸುತ್ತಿ.