ಗೆಲ್ಲುವುದು ನಿಲ್ಲಿಸಿದ ಮೇಲೆ ಗೆಳೆಯರು ಕಲಿತರು

ಪುಣೆಯ ಕೋಥ್ರುಡ್‌ನಲ್ಲಿ ನಾವು ಮೂವರು ಒಂದೇ ಫ್ಲ್ಯಾಟಿನಲ್ಲಿದ್ದೇವೆ. ಭಾನುವಾರ ಟೆಕ್ಕೆನ್ 8 ಎಂಬ ಹೊಡೆದಾಟದ ವಿಡಿಯೋ ಗೇಮ್ ಆಡಿದರೆ ನಾನೇ ಗೆಲ್ಲುತ್ತಿದ್ದೆ. ಕೊನೆಗೆ ಹುಬ್ಬಳ್ಳಿಯವನು ಕಂಟ್ರೋಲರ್ ಮಂಚಕ್ಕೆ ಎಸೆದು, "ನಿನ್ನ ಜೋಡಿ ಆಡೋದ ಬ್ಯಾಡಪಾ" ಅಂದ.

ಮೊದಲು ದೊಡ್ಡ ಕಾಂಬೋ, ಅಂದರೆ ಒಂದರ ಹಿಂದೊಂದು ತಾಗುವ ಏಟುಗಳ ಸರಣಿ, ಹೇಳಿಕೊಡಲು ಹೋದೆ. ಸುಮ್ನೆ ದಂಡ. ಏಟೇ ತಾಗದವನಿಗೆ ಕಾಂಬೋ ಯಾಕೆ, ಅಲ್ವಾ? ಅವರು ಸೋಲುತ್ತಿದ್ದುದು ಒಂದೇ ಏಟಿಗೆ: ನಾನು ಆಡುವ ಪಾತ್ರ ಕಜುಯಾ ಎದುರಾಳಿಯ ಕಾಲಿಗೆ ಬೀಸುವ ಹೆಲ್‌ಸ್ವೀಪ್.

ಪ್ರಾಕ್ಟೀಸ್ ಮೋಡ್‌ನಲ್ಲಿ, ಆಟವೇ ನಡೆಸುವ ಎದುರಾಳಿ ಮತ್ತೆ ಮತ್ತೆ ಹೊಡೆಯುವಂತೆ ಅದನ್ನು ರೆಕಾರ್ಡ್ ಮಾಡಿದೆ. ಜೊತೆಗೆ, ಬಗ್ಗಿದವರಿಗೆ ತಾಗುವ ಒಂದು ಮಿಡ್ (ನಡು ಎತ್ತರದ) ಏಟನ್ನೂ ಹಾಕಿ, ಎರಡೂ ಅದಲು ಬದಲಾಗಿ ಬರುವಂತೆ ಇಟ್ಟೆ. ಕೆಲಸ ಇಷ್ಟೇ: ಸ್ವೀಪ್ ಬಂದರೆ ಕೂತು ತಡೆ, ಮೇಲೇಳುತ್ತಾ ಹೊಡಿ. ತಡೆದರೆ ಕಜುಯಾ ಚೇತರಿಸಿಕೊಳ್ಳಲು ತಡವಾಗುತ್ತದೆ, ಹೊಡೆಯಲು ಧಾರಾಳ ಸಮಯ.

ದಿನಕ್ಕೆ ಹದಿನೈದು ನಿಮಿಷ, ಚಹಾ ಕುದಿಯುವ ಹೊತ್ತಿಗೆ. ಪಂದ್ಯದಲ್ಲೂ ನಾನು ಬೇಕಂತಲೇ ಅದೇ ಏಟು ಜಾಸ್ತಿ ಹಾಕಿದೆ. ಸೋತಾಗ ರೀಪ್ಲೇ ನೋಡಿದೆವು, ಒಂದು ತಪ್ಪು ಮಾತ್ರ ಹಿಡಿದೆವು. ಹತ್ತು ತಪ್ಪು ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ.

ಮೂರನೇ ವಾರ ಹುಬ್ಬಳ್ಳಿಯವನು ಸ್ವೀಪ್ ತಡೆದು ನನ್ನನ್ನು ಗಾಳಿಗೆ ಎತ್ತಿದ. ಕಾಂಬೋ ಮಾತ್ರ ನಡುವೆಯೇ ಕೈಬಿಟ್ಟ!